ಒದ್ದೆ ಟವೆಲಿನಡಿ ಇಪ್ಪತ್ತೆರಡು ಟ್ಯೂಬು

ಸ್ನಾನ, ಲಿಂಗಪೂಜೆ ಮುಗಿಸಿ ಎದ್ದ ಮೇಲೆ, ಕಾಫಿಗೆ ಮುಂಚೆ, ಪರಮೇಶ್ವರಪ್ಪ ತಪ್ಪದೆ ಮಾಡುವ ಕೆಲಸ ಒಂದಿದೆ. ಗೂಡಿನಲ್ಲಿಟ್ಟ ಪುಟ್ಟ ಬಾಟಲಿಯಿಂದ ಮೂರು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡು ಹತ್ತೂ ಬೆರಳ ತುದಿಗೆ ನಿಧಾನವಾಗಿ ತಿಕ್ಕುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ, ರಜೆಯ ದಿನವೂ ತಪ್ಪಿಲ್ಲ. ಮದುಮಗಳು ಕೈ ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ ಎಂದು ಹೆಂಡತಿ ಲಿಂಗಮ್ಮ ಮದುವೆಯಾದಂದಿನಿಂದ ಚುಡಾಯಿಸುತ್ತಲೇ ಬಂದಿದ್ದಾರೆ. ಅದಕ್ಕೆ ಅವರ ಉತ್ತರವೂ ಅಂದಿನಿಂದ ಒಂದೇ. ಬೆರಳ ತುದಿ ಒರಟಾದರೆ ನರ ಸಿಕ್ಕುವುದಿಲ್ಲ.

ಪರಮೇಶ್ವರಪ್ಪನ ಕಸುಬು ರಕ್ತ ತೆಗೆಯುವುದು. ಹತ್ತೊಂಬತ್ತನೇ ವಯಸ್ಸಿಗೆ ಭದ್ರಾವತಿಯ ಕಾಗದದ ಕಾರ್ಖಾನೆಯ ಡಿಸ್ಪೆನ್ಸರಿಗೆ ಸಹಾಯಕನಾಗಿ ಸೇರಿದರು. ಅಲ್ಲಿದ್ದ ಮುದಿ ಕಾಂಪೌಂಡರ್ ಒಬ್ಬರು ಕಣ್ಣು ಮುಚ್ಚಿಸಿ, ಬೆರಳಿಂದಲೇ ನರ ಹುಡುಕುವುದನ್ನು ಕಲಿಸಿದರು. ಆಮೇಲೆ ಮೂವತ್ತು ವರ್ಷ ಕಾಗದನಗರದ ಕ್ವಾರ್ಟರ್ಸಿನಲ್ಲಿ ಅವರ ಸೂಜಿಗೆ ಕೈ ಕೊಡದ ಮನೆ ಇರಲಿಲ್ಲ. ಕನ್ನಡದವರು, ತಮಿಳರು, ತೆಲುಗರು, ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು. ಪರಮೇಶಣ್ಣನದು ಹಗುರ ಕೈ, ಇರುವೆ ಕಚ್ಚಿದಷ್ಟೂ ನೋವಾಗುವುದಿಲ್ಲ. ಕಾರ್ಖಾನೆ ನಿಂತು ಡಿಸ್ಪೆನ್ಸರಿಗೆ ಬೀಗ ಬಿದ್ದ ಮೇಲೂ ಆ ಮಾತು ನಿಲ್ಲಲಿಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಖಾಸಗಿ ಲ್ಯಾಬಿನವರು ಅವರನ್ನು ಕರೆದು ಕೆಲಸ ಕೊಟ್ಟರು. ಅರವತ್ತು ದಾಟಿದರೂ ಅವರು ದಿನಾ ಬೆಳಗ್ಗೆ ಬಸ್ಸು ಹತ್ತಿ ಹೋಗುತ್ತಿದ್ದರು. ಆಸ್ತಿ ಎಂದು ಅವರು ಸಂಪಾದಿಸಿದ್ದು ಏನಾದರೂ ಇದ್ದರೆ ಆ ಒಂದು ಹೆಸರು.

ಆ ಲ್ಯಾಬಿಗೆ ಹೊಸ ಯಂತ್ರವೊಂದು ಬಂತು. ಅದರ ಉಸ್ತುವಾರಿ ಶರಾವತಿಯವರದು. ಹೊಸಮನೆ ಬಡಾವಣೆಯವರು, ಮೂವತ್ತೈದರ ಆಸುಪಾಸು, ಮಾತು ಮೆತ್ತಗೆ, ಕೆಲಸ ಬಿಗಿ. ಆಯಾ ಕೂಡ ಅರ್ಥಮಾಡಿಕೊಂಡೇ ಕೆಲಸ ಮಾಡಬೇಕು ಎನ್ನುವವರು. ಪರಮೇಶ್ವರಪ್ಪನವರನ್ನು ಎದುರು ಕೂರಿಸಿಕೊಂಡು ವಿವರಿಸಿದರು. ನಾವು ತಿಂದ ಬೇಳೆ, ಹಾಲು ಮೈಯಲ್ಲಿ ಒಡೆದು ಸಣ್ಣ ಸಣ್ಣ ಚೂರುಗಳಾಗುತ್ತವೆ. ಅವಕ್ಕೆ ಅಮೈನೊ ಆಮ್ಲ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಬರಲಿರುವ ಎಷ್ಟೋ ಜನರಲ್ಲಿ, ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ಇವುಗಳಲ್ಲಿ ಕೆಲವು ರಕ್ತದಲ್ಲಿ ಹೆಚ್ಚಾಗಿರುತ್ತವೆ. ತಿಂದದ್ದರಿಂದ ಹೆಚ್ಚಾದದ್ದಲ್ಲ, ಮೈ ಅವುಗಳನ್ನು ಸರಿಯಾಗಿ ಬಳಸಿಕೊಳ್ಳದೆ ಹೆಚ್ಚಾದದ್ದು. ಕಳ್ಳ ಅಂಗಳಕ್ಕೆ ಬರುವ ಮೊದಲೇ ನಾಯಿ ಬೊಗಳುತ್ತದಲ್ಲ, ಹಾಗೆ. ಮುಂಚೆ ಒಬ್ಬರ ರಕ್ತದಲ್ಲಿ ಇದನ್ನು ಅಳೆಯಲು ಗಂಟೆಗಟ್ಟಲೆ ಬೇಕಿತ್ತು. ಈ ಯಂತ್ರ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತದೆ. ಹಾಗಾಗಿ ಬೀದಿ ಬೀದಿಯ ಜನರನ್ನು ನೋಡಿ ಯಾರು ಹುಷಾರಾಗಿರಬೇಕು ಎಂದು ಮುಂಚೆಯೇ ತಿಳಿಸಬಹುದೇ ಎಂಬುದು ಅವರ ಅಧ್ಯಯನ.

ಕೊನೆಗೆ ಒಂದು ಮಾತನ್ನು ಎರಡು ಸಲ ಹೇಳಿದರು.

"ಅಳೆಯೋದು ಬೇಗ ಆಯ್ತು ಪರಮೇಶ್ವರಪ್ನೋರೇ, ಆದರೆ ರಕ್ತ ಯಾರಿಗೂ ಕಾಯಲ್ಲ. ಟ್ಯೂಬಿನೊಳಗೂ ಅದಕ್ಕೆ ಜೀವ ಇರುತ್ತೆ. ಸೆಕೆಯಲ್ಲಿ ಇಟ್ರೆ ಇರೋ ಸಕ್ಕರೆ ತಿಂದು ಹಾಕುತ್ತೆ, ಅಮೈನೊ ಆಮ್ಲ ಜಾಸ್ತಿ ಆಗ್ತಾ ಹೋಗುತ್ತೆ. ಪಕ್ಕದಲ್ಲಿ ಐಸ್ ಇಲ್ಲ ಅಂದ್ರೆ ಸೂಜಿ ಮುಟ್ಟಬೇಡಿ."

ಪರಮೇಶ್ವರಪ್ಪ ತಲೆಯಾಡಿಸಿದರು. ಮತ್ತೆ, ಯಾರೂ ಕೇಳದಿದ್ದರೂ, ನಮ್ಮ ಬೀದಿಯೊಂದರಿಂದಲೇ ಇಪ್ಪತ್ತು ಜನರನ್ನು ಕೂರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು. ಅಷ್ಟು ಜನ ಸಿಗುತ್ತಾರಾ ಎಂದು ಶರಾವತಿ ಆಶ್ಚರ್ಯಪಟ್ಟಾಗ ಅವರಿಗೆ ಒಳಗೊಳಗೇ ಹಿಗ್ಗಾಯಿತು.

ಏಪ್ರಿಲ್ ತಿಂಗಳ ಒಂದು ಸೋಮವಾರ. ಕಾಗದನಗರದ ಹಳೆಯ ಸಮುದಾಯ ಭವನದಲ್ಲಿ ಆರೂಕಾಲಿಗೇ ಇಪ್ಪತ್ತೆರಡು ಜನ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದರು. ಆರೂವರೆಗೆ ಶಿವಮೊಗ್ಗದಿಂದ ವ್ಯಾನ್ ಬರಬೇಕು. ಐಸ್ ಪೆಟ್ಟಿಗೆ, ರಕ್ತ ತಿರುಗಿಸಿ ತಿಳಿ ಬೇರ್ಪಡಿಸುವ ಯಂತ್ರ, ಎರಡೂ ಅದರಲ್ಲೇ. ವ್ಯಾನಿನ ಬದಲು ಡ್ರೈವರ್ ಸತೀಶನ ಫೋನ್ ಬಂತು. ಮಲವಗೊಪ್ಪ ದಾಟುವಾಗ ಟೈರು ಹೋಗಿದೆ, ಸ್ಟೆಪ್ನಿಯಲ್ಲೂ ಗಾಳಿ ಇಲ್ಲ, ಸ್ವಲ್ಪ ತಡವಾಗುತ್ತದೆ ಅಂದ.

ಜನ ಕಾಯುತ್ತಿದ್ದರೇನೋ. ಆದರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ತಮಿಳು ತಾತ ಗೋಡೆ ಗಡಿಯಾರ ನೋಡಿದರು. ಸೋಮವಾರ ಏಳೂವರೆಗೆ ರಾಹುಕಾಲ ಶುರು, ಅದರೊಳಗೆ ರಕ್ತ ತೆಗೆದರೆ ಆಯಿತು, ಇಲ್ಲವಾದರೆ ಒಂಬತ್ತಾದ ಮೇಲೆಯೇ ಎಂದರು. ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ಮೈಯಿಂದ ರಕ್ತ ಹೋಗುವ ಕೆಲಸವನ್ನು ಯಾರು ರಾಹುಕಾಲದಲ್ಲಿ ಮಾಡಿಸಿಕೊಳ್ಳುತ್ತಾರೆ? ಒಂಬತ್ತರವರೆಗೆ ಉಪವಾಸ ಇರುವವರಾದರೂ ಯಾರು? ಕೆಲವರಿಗೆ ಕೆಲಸಕ್ಕೆ ಹೋಗಬೇಕು, ಕೆಲವರು ಆಗಲೇ ತಿಂಡಿಯ ಮಾತಾಡುತ್ತಿದ್ದರು.

ಪರಮೇಶ್ವರಪ್ಪನವರಿಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ. ಮೈಮೇಲೆ ಲಿಂಗ ಇದ್ದವನಿಗೆ ಎಲ್ಲ ಕಾಲವೂ ಒಳ್ಳೆಯದೇ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು. ಅವರು ಹೆದರಿದ್ದು ಖಾಲಿ ಕುರ್ಚಿಗಳಿಗೆ. ಮೇಡಂ ಕೇಳಿದರೆ ಇಪ್ಪತ್ತೆರಡು ಜನ ಬಂದಿದ್ದರು, ಎದ್ದು ಹೋದರು ಎಂದು ಹೇಳುವುದು ಹೇಗೆ?

ಮುಂದಿನ ಸಾಲಿನಲ್ಲಿ ನಂಜಮ್ಮ ಕೂತಿದ್ದರು. ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರ ಹೆಂಡತಿ, ಎಪ್ಪತ್ತರ ಹತ್ತಿರ, ಬಾಯಿ ಜೋರು. ಪರಮೇಶ್ವರಪ್ಪನವರನ್ನು ಏಕವಚನದಲ್ಲಿ ಕರೆಯುವವರು ಬೀದಿಯಲ್ಲಿ ಅವರೊಬ್ಬರೇ ಉಳಿದಿದ್ದರು.

"ಏನ್ ಮಾರಾಯ, ನಿನ್ನ ಸೂಜಿಗೂ ಮುಹೂರ್ತ ಇಡಬೇಕಾ? ತೆಗೆಯೋದಾದ್ರೆ ತೆಗಿ, ಇಲ್ಲಾಂದ್ರೆ ಮನೆಗೆ ಹೋಗಿ ಒಲೆ ಹಚ್ತೀನಿ" ಎಂದು ತೋಳು ಚಾಚಿದರು.

ಪರಮೇಶ್ವರಪ್ಪ ಸೂಜಿ ಮುಟ್ಟಿದರು.

ಐವತ್ತು ನಿಮಿಷದಲ್ಲಿ ಇಪ್ಪತ್ತೆರಡು ಜನ. ಒಬ್ಬರಿಗೂ ಎರಡನೇ ಸಲ ಚುಚ್ಚಲಿಲ್ಲ. ಟ್ಯೂಬುಗಳನ್ನೆಲ್ಲ ಭವನದ ಸ್ಟೀಲ್ ಡಬರಿಯೊಂದರಲ್ಲಿ ನಿಲ್ಲಿಸಿ, ಮೇಲೆ ಒದ್ದೆ ಟವೆಲ್ ಹೊದಿಸಿದರು. ಮನೆಯಲ್ಲಿ ಲಿಂಗಮ್ಮ ಹಾಲಿನ ಪಾತ್ರೆಯನ್ನು ಹಾಗೇ ಇಡುವುದು. ಕರೆಂಟ್ ಇಲ್ಲದ ದಿನ ಮಧ್ಯಾಹ್ನದವರೆಗೂ ಹಾಲು ಕೆಡುವುದಿಲ್ಲ. ಹಾಲಿಗೆ ಆಗುವುದು ರಕ್ತಕ್ಕೆ ಆಗದೇ ಎಂದು ತಮಗೆ ತಾವೇ ಹೇಳಿಕೊಂಡರು. ಏಳೂ ಇಪ್ಪತ್ತೆಂಟಕ್ಕೆ ಕೊನೆಯವರು ಎದ್ದಾಗ ತಮಿಳು ತಾತ ಚಪ್ಪಾಳೆ ತಟ್ಟಿದರು.

ವ್ಯಾನ್ ಬಂದದ್ದು ಹತ್ತೂ ಹತ್ತಕ್ಕೆ. ಅಷ್ಟರಲ್ಲಿ ಭವನದ ಶೀಟಿನ ಮಾಡು ಕಾದು ಟವೆಲ್ ಒಣಗಿ ಗರಿಗರಿಯಾಗಿತ್ತು. ಒಬ್ಬೊಬ್ಬರ ಹೆಸರಿನ ಹಾಳೆಯಲ್ಲಿ ರಕ್ತ ತೆಗೆದ ಸಮಯ ಬರೆಯುವ ಜಾಗವನ್ನು ಅವರು ಖಾಲಿ ಬಿಟ್ಟುಕೊಂಡೇ ಕಾದಿದ್ದರು. ಊರು ಹೊಕ್ಕೆ ಎಂದು ಸತೀಶ ಫೋನ್ ಮಾಡಿದ ಮೇಲೆ, ವ್ಯಾನಿನ ಹಾರ್ನ್ ಕೇಳುವ ಮುಂಚೆ ಬರೆದು ಮುಗಿಸಿದರು. ಒಂಬತ್ತೂ ಇಪ್ಪತ್ತು, ಒಂಬತ್ತೂ ಇಪ್ಪತ್ತೆರಡು, ಒಂಬತ್ತೂ ಇಪ್ಪತ್ತೈದು. ಒಂದೇ ಅಂತರ ಇದ್ದರೆ ಅನುಮಾನ ಬಂದೀತೆಂದು ಒಂದು ಕಡೆ ಎರಡು ನಿಮಿಷ, ಇನ್ನೊಂದು ಕಡೆ ಮೂರು ನಿಮಿಷ ಬಿಟ್ಟು, ಹತ್ತೂ ಎಂಟಕ್ಕೆ ತಂದು ನಿಲ್ಲಿಸಿದರು. ಎಲ್ಲಾ ಈಗ ತಾನೆ ತೆಗೆದದ್ದಾ ಅಣ್ಣ ಎಂದು ಸತೀಶ ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದರು. ಬರೆಯುವಾಗ ಕೈ ನಡುಗಿರಲಿಲ್ಲ. ಆಮೇಲಿನ ದಿನಗಳಲ್ಲಿ ಅವರನ್ನು ಹೆಚ್ಚು ಚುಚ್ಚಿದ್ದು ಇದೇ.

ಎರಡು ವಾರದ ಮೇಲೆ ಶರಾವತಿ ಅವರನ್ನು ಒಳಗೆ ಕರೆದರು. ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. ಇಪ್ಪತ್ತೆರಡರಲ್ಲಿ ಹದಿನೇಳು ಜನರಿಗೆ ಸಕ್ಕರೆ ಅಂಕೆಯಲ್ಲಿದೆ, ಕೆಲವರದ್ದು ಇನ್ನೂ ಕಡಿಮೆಯೇ, ಆದರೆ ಅಮೈನೊ ಆಮ್ಲ ಮಾತ್ರ ಜಾಸ್ತಿ. ಹುಡುಕುತ್ತಿದ್ದದ್ದು ಇಂಥವರನ್ನೇ. ಕಳ್ಳ ಇನ್ನೂ ಬಂದಿಲ್ಲ, ನಾಯಿ ಬೊಗಳುತ್ತಿದೆ. ಬರುವ ತಿಂಗಳು ವೈದ್ಯರ ಸಭೆಯಲ್ಲಿ ಇದನ್ನು ಹೇಳುತ್ತೇನೆ, ನಿಮ್ಮ ಬೀದಿ ದೊಡ್ಡ ಉಪಕಾರ ಮಾಡಿತು ಎಂದರು. ಜನರ ವರದಿಗಳ ಲಕೋಟೆ ಕೊಟ್ಟು, ಯಾರೂ ಹೆದರಬಾರದು, ಮುಂದೆ ಇನ್ನೊಮ್ಮೆ ನೋಡುತ್ತೇವೆ, ಡಾಕ್ಟರೂ ಬಂದು ಮಾತಾಡುತ್ತಾರೆ ಎಂದು ತಿಳಿಸಲು ಹೇಳಿದರು.

ಇರುವ ಸಕ್ಕರೆ ತಿಂದು ಹಾಕುತ್ತೆ, ಅಮೈನೊ ಆಮ್ಲ ಜಾಸ್ತಿ ಆಗ್ತಾ ಹೋಗುತ್ತೆ. ಸೆಕೆಯಲ್ಲಿಟ್ಟ ರಕ್ತದ ಬಗ್ಗೆ ಮೇಡಂ ಹೇಳಿದ್ದ ಆ ಮಾತು ಅವರ ಕಿವಿಯಲ್ಲೇ ಇತ್ತು. ಅಲ್ಲೇ ಹೇಳಬಹುದಿತ್ತು. ಮೇಡಂ ನಗುತ್ತಿದ್ದರು, ಹೇಳಲಾಗಲಿಲ್ಲ. ಬಸ್ಸಿನಲ್ಲಿ ಲಕೋಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ನಾಳೆ ಹೇಳುತ್ತೇನೆ ಅಂದುಕೊಂಡರು. ಆ ನಾಳೆ ಮೂರು ವಾರ ದೂರ ಹೋಯಿತು.

ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂಬ ಸಾಲು ಹದಿನೇಳು ಮನೆಗೆ ಹೋಯಿತು. ಯಾರೋ ಮೊಬೈಲಿನಲ್ಲಿ ನೋಡಿ ಅಮೈನೊ ಆಮ್ಲ ಬರುವುದು ಬೇಳೆ, ಕಾಳು, ಹಾಲಿನಿಂದ ಎಂದರು. ಮಾತು ನಲ್ಲಿಕಟ್ಟೆಯಿಂದ ನಲ್ಲಿಕಟ್ಟೆಗೆ ಹೋಯಿತು. ಬೀದಿಯ ಅರ್ಧ ಮನೆಗಳಲ್ಲಿ ಬೇಳೆ ಬೇಯುವುದು ನಿಂತಿತು. ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಪರಮೇಶ್ವರಪ್ಪ ಒಂದಿಬ್ಬರಿಗೆ ಹೇಳಿ ನೋಡಿದರು. ಹಾಗಾದರೆ ಯಾಕೆ ಜಾಸ್ತಿ ಆಯಿತು ಅಣ್ಣ ಎಂದು ಅವರು ತಿರುಗಿ ಕೇಳಿದರೆ ಬಸ್ಸಿಗೆ ಹೊತ್ತಾಯಿತೆಂದು ನಡೆದುಬಿಡುತ್ತಿದ್ದರು. ಆಮೇಲೆ ಹೇಳುವುದನ್ನೇ ಬಿಟ್ಟರು. ಜನ ಎದುರಾಗುವ ದಾರಿಯನ್ನೂ ಬಿಟ್ಟು ಹಿಂದಿನ ಗಲ್ಲಿಯಿಂದ ಬಸ್ಸಿಗೆ ಹೋಗತೊಡಗಿದರು.

ಎಲ್ಲರಿಗಿಂತ ಹೆಚ್ಚು ಹೆದರಿದ್ದು ನಂಜಮ್ಮ. ಅವರ ಗಂಡ ಸಕ್ಕರೆ ಕಾಯಿಲೆಯಲ್ಲೇ ಕಾಲು ಕಳೆದುಕೊಂಡು, ಮಂಚದ ಮೇಲೆ ನಾಲ್ಕು ವರ್ಷ ಇದ್ದು ಹೋದವರು. ನಂಜಮ್ಮನ ಊಟ ಎಂದರೆ ಮಧ್ಯಾಹ್ನ ಹುರುಳಿ ಕಟ್ಟಿನ ಸಾರು, ಮಲಗುವ ಮುಂಚೆ ಒಂದು ಲೋಟ ಹಾಲು. ಎರಡನ್ನೂ ಬಿಟ್ಟು ಬರೀ ಅನ್ನ, ಹುಣಸೆ ನೀರಿನ ತಿಳಿಸಾರಿಗೆ ಇಳಿದರು. ಕತ್ತಿನ ಮೂಳೆ ಎದ್ದು ಕಾಣತೊಡಗಿತು. ಮೂರನೇ ವಾರ ಒಂದು ಬೆಳಗ್ಗೆ ಕೊಡ ಎತ್ತುವಾಗ ಕಣ್ಣು ಕತ್ತಲೆ ಬಂದು ನಲ್ಲಿಯ ಹತ್ತಿರವೇ ಬಿದ್ದರು.

ಪರಮೇಶ್ವರಪ್ಪನೂ ಲಿಂಗಮ್ಮನೂ ಅವರನ್ನು ಎತ್ತಿ ಜಗಲಿಗೆ ಒರಗಿಸಿದರು. ಲಿಂಗಮ್ಮ ಬಿಸಿ ಹಾಲು ತಂದರೆ ನಂಜಮ್ಮ ಬಾಯಿ ಬಿಗಿಹಿಡಿದು ಮುಖ ತಿರುಗಿಸಿದರು. ಡಾಕ್ಟರು ಬಂದು ಹೇಳುವವರೆಗೆ ಹೀಗೆಲ್ಲ ಊಟ ಬಿಡಬಾರದು ಎಂದು ಲಿಂಗಮ್ಮ ಗದರಿದರು.

"ಡಾಕ್ಟ್ರ ಮಾತು ಬಿಡು ಮಾರಾಯ್ತಿ" ಅಂದರು ನಂಜಮ್ಮ. "ಇವನು ತೆಗ್ದ ರಕ್ತ ಅದು. ಇವನ ಕೈ ಸುಳ್ಳು ಹೇಳಲ್ಲ."

ಮರುದಿನ ಪೂಜೆಗೆ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡಾಗ ಪರಮೇಶ್ವರಪ್ಪನವರ ಕಣ್ಣು ಲಿಂಗದ ಮೇಲೆ ನಿಲ್ಲಲಿಲ್ಲ. ಜಾರಿ ಜಾರಿ ಬೆರಳುಗಳ ಮೇಲೇ ಹೋಯಿತು. ಇದೇ ಕೈ ಬರೆದದ್ದು. ಎರಡು ನಿಮಿಷ, ಮೂರು ನಿಮಿಷ. ಪೂಜೆ ಅರ್ಧಕ್ಕೆ ನಿಂತಿತು. ಲಿಂಗಮ್ಮನನ್ನು ಕರೆದು ಎಲ್ಲ ಹೇಳಿದರು. ಆಕೆ ಮೊದಲು ಶಿವಮೊಗ್ಗಕ್ಕೆ ಹೋಗಿ ಬನ್ನಿ ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನ ಚುಡಾಯಿಸಲಿಲ್ಲ.

ಶರಾವತಿ ಯಂತ್ರದ ಮುಂದೆ ಕೂತು ಕಾಫಿ ಕುಡಿಯುತ್ತಿದ್ದರು. ಲೋಟ ಖಾಲಿಯಾಗುವಷ್ಟರಲ್ಲಿ ಒಬ್ಬರ ರಕ್ತದ ಲೆಕ್ಕ ಪರದೆಯ ಮೇಲೆ ಬಂದುಬಿಡುತ್ತದೆ ಎಂದು ಅವರು ಆಗಾಗ ಹೇಳುವುದಿತ್ತು. ಪರಮೇಶ್ವರಪ್ಪ ನಿಂತೇ ಹೇಳಿದರು. ಟೈರು, ರಾಹುಕಾಲ, ಡಬರಿ, ಬರೆದ ಸಮಯ. ಹೇಳುತ್ತ ಹೇಳುತ್ತ ದನಿ ತೀರಾ ಸಣ್ಣದಾಯಿತು.

"ಎಷ್ಟು ಹೊತ್ತು ಹೊರಗಿತ್ತು?"

"ಹೆಚ್ಚುಕಮ್ಮಿ ಮೂರು ಗಂಟೆ ಮೇಡಂ. ಒದ್ದೆ ಟವೆಲ್ ಹೊದಿಸಿದ್ದೆ."

ಟವೆಲಿನ ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಹೇಳಬಾರದಿತ್ತು ಅನ್ನಿಸಿತು. ತಪ್ಪೊಪ್ಪಿಕೊಳ್ಳಲು ಬಂದವನು ಅದರಲ್ಲೂ ಒಂದು ನೆವ ಸೇರಿಸಿಕೊಂಡು ಬಂದ ಹಾಗಾಯಿತು.

ಶರಾವತಿ ಬೈಯಲಿಲ್ಲ. ಫೈಲು ತೆಗೆದು ಆ ಇಪ್ಪತ್ತೆರಡು ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಕೊನೆಯ ಹಾಳೆ ಮುಟ್ಟಿದ ಮೇಲೆ, "ಸಮಯ ಎಷ್ಟು ಚೆನ್ನಾಗಿ ಬರ್ದಿದ್ದೀರಿ" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಅವರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತ ನಿಂತರು.

ಶರಾವತಿ ಅಡಿಪಟ್ಟಿ ಹಿಡಿದು ಫಲಿತಾಂಶದ ಪಟ್ಟಿಯ ಆ ಇಪ್ಪತ್ತೆರಡು ಸಾಲುಗಳ ಮೇಲೂ ಗೀಟೆಳೆದರು. ಸಭೆಗೆ ಇನ್ನೂ ಆರು ದಿನವಿತ್ತು, ಮಾನ ಉಳಿಯಿತು ಎಂದರು. ಆಮೇಲೆ, ನನ್ನದೂ ತಪ್ಪಿದೆ, ಫಲಿತಾಂಶ ಬೇಕಾದ ಹಾಗೆ ಬಂದದ್ದರಿಂದ ಅನುಮಾನಪಡಲು ಮನಸ್ಸು ಬರಲಿಲ್ಲ ಎಂದು ಕಿಟಕಿಯ ಕಡೆ ನೋಡಿ ಹೇಳಿದರು. ಗುರುವಾರ ಮತ್ತೆ ರಕ್ತ ತೆಗೆಯುವುದು, ತೆಗೆಯುವವಳು ಅಕ್ಷಯಾ, ಜನರಿಗೆ ವಿಷಯ ತಿಳಿಸುವುದು ಪರಮೇಶ್ವರಪ್ಪ. ಇಷ್ಟು ತೀರ್ಮಾನವಾಯಿತು. ಅಕ್ಷಯಾ ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ.

ಇಪ್ಪತ್ತೆರಡು ಬಾಗಿಲು ತಟ್ಟುವುದು ಎಂದರೇನೆಂದು ಅವರಿಗೆ ಆ ಸಂಜೆ ಗೊತ್ತಾಯಿತು. ಪ್ರತಿ ಮನೆಯಲ್ಲೂ ಮೊದಲು ಕುರ್ಚಿ ಹಾಕಿದರು, ಪರಮೇಶಣ್ಣ ಬಂದಿದ್ದಾರೆ ಎಂದು ಒಳಗಿನವರನ್ನು ಕರೆದರು. ಅವರು ಕೂರಲಿಲ್ಲ. ಬಾಗಿಲಲ್ಲೇ ನಿಂತು, ವರದಿ ಸುಳ್ಳು, ಸುಳ್ಳಾದದ್ದು ನನ್ನಿಂದ, ಗುರುವಾರ ಬನ್ನಿ ಎಂದು ಹೇಳಿದರು. ಒಂದು ಮನೆಯವರು ನಕ್ಕರು. ಒಂದು ಮನೆಯವರು ಮಗುವಿಗೂ ಹಾಲು ನಿಲ್ಲಿಸಿದ್ದೆವಲ್ಲ ಎಂದು ಬಾಗಿಲು ಹಾಕಿಕೊಂಡರು. ತಮಿಳು ತಾತ ಮಾತ್ರ, ರಾಹುಕಾಲ ಅಂದವನು ನಾನೇ, ಅರ್ಧ ತಪ್ಪು ನನ್ನ ಲೆಕ್ಕಕ್ಕೆ ಬರಲಿ ಎಂದು ಹೆಗಲ ಮೇಲೆ ಕೈ ಇಟ್ಟರು. ರಾಹು ನನ್ನ ಪೆನ್ನು ಹಿಡಿಯಲಿಲ್ಲ ತಾತ ಎಂದು ಪರಮೇಶ್ವರಪ್ಪ ಮುಂದಿನ ಮನೆಗೆ ಹೋದರು.

ನಂಜಮ್ಮನ ಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಆಕೆ ಅಕ್ಕಿ ಆರಿಸುತ್ತಿದ್ದರು. ಕೇಳುವಷ್ಟು ಹೊತ್ತೂ ಕೈ ನಿಲ್ಲಲಿಲ್ಲ. ಪರಮೇಶ್ವರಪ್ಪ ಹೇಳಿ ಮುಗಿಸಿದ ಮೇಲೆ ಮೊರ ಪಕ್ಕಕ್ಕಿಟ್ಟರು.

"ನಮ್ಮೆಜಮಾನ್ರ ಕಾಲು ತೆಗೆಯೋ ದಿನ ಆಸ್ಪತ್ರೇಲಿ ನನ್ನ ಪಕ್ಕ ಕೂತಿದ್ದೋನು ನೀನು. ಈ ಕಾಯಿಲೆ ಅಂದ್ರೆ ನಾನು ಎಷ್ಟು ಹೆದರ್ತೀನಿ ಅಂತ ಊರಿಗೆಲ್ಲ ಗೊತ್ತಿಲ್ದೆ ಇರ್ಬೋದು, ನಿಂಗೆ ಗೊತ್ತಿತ್ತು ಪರಮೇಶಿ."

"ಗೊತ್ತಿತ್ತು ನಂಜಕ್ಕ."

ಆಕೆ ಎದ್ದು ಒಳಗೆ ಹೋದರು. ಹೊರಗೆ ಬರಬಹುದೆಂದು ಅವರು ಸ್ವಲ್ಪ ಹೊತ್ತು ನಿಂತಿದ್ದರು. ಒಳಗೆ ಡಬ್ಬದ ಮುಚ್ಚಳ ತೆರೆದ ಸದ್ದು, ಆಮೇಲೆ ಕಾಳು ನೀರಿಗೆ ಬಿದ್ದ ಸದ್ದು ಕೇಳಿಸಿತು. ಆಕೆ ಹೊರಗೆ ಬರಲಿಲ್ಲ.

ಗುರುವಾರ ವ್ಯಾನ್ ಆರು ಗಂಟೆಗೇ ಬಂತು. ಸತೀಶ ಎರಡು ಪೆಟ್ಟಿಗೆ ಐಸ್ ಇಳಿಸಿದ. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಜನ ಬಂದಿದ್ದರು. ಅಕ್ಷಯಾ ಮೇಜಿನ ಹಿಂದೆ, ಪಕ್ಕದಲ್ಲಿ ಸಮಯ ಬರೆಯಲು ಶರಾವತಿ. ಪರಮೇಶ್ವರಪ್ಪ ತುಸು ದೂರದಲ್ಲಿ ಐಸ್ ಪೆಟ್ಟಿಗೆ ಹಿಡಿದು ನಿಂತಿದ್ದರು. ಟ್ಯೂಬು ಬಂದ ಕೂಡಲೇ ಐಸಿನಲ್ಲಿ ಹುಗಿದು, ಕಾಲು ಗಂಟೆಗೊಮ್ಮೆ ವ್ಯಾನಿಗೆ ಒಯ್ದು ಕೊಡುವುದು ಅವರ ಕೆಲಸ. ಯಾರೂ ಅವರನ್ನು ಮಾತಾಡಿಸಲಿಲ್ಲ. ಅದೇ ಸರಿ ಅನ್ನಿಸಿತು ಅವರಿಗೆ.

ನಂಜಮ್ಮನ ಸರದಿ ಬಂತು. ಮೊದಲೇ ಸಣ್ಣ ನರ, ಮೂರು ವಾರದ ಅರೆಹೊಟ್ಟೆಯಲ್ಲಿ ಇನ್ನೂ ಬಾಡಿತ್ತು. ಬಲಗೈಗೆ ಅಕ್ಷಯಾ ಚುಚ್ಚಿದಳು, ನರ ಜಾರಿತು. ಇನ್ನೊಮ್ಮೆ ಚುಚ್ಚಿದಳು, ಚರ್ಮದಡಿ ನೀಲಿ ಎದ್ದಿತು. ಹುಡುಗಿಯ ಹಣೆ ಬೆವರಿತು.

ನಂಜಮ್ಮ ಕೈ ಹಿಂದಕ್ಕೆಳೆದುಕೊಂಡರು. "ಈ ಹುಡುಗಿ ನನ್ನ ಕೈನ ಎಣ್ಣೆಗಾಯಿ ಮಾಡೋ ಬದನೆಕಾಯಿ ಅನ್ಕೊಂಡಿದಾಳೆ" ಅಂದರು. ಕೂತವರು ನಕ್ಕರು. ನಂಜಮ್ಮ ನಗಲಿಲ್ಲ. ಎಡಗೈಯ ಸೆರಗು ಸರಿಸಿ, ತೋಳನ್ನು ಮೇಜಿನ ಮೇಲಲ್ಲ, ಐಸ್ ಪೆಟ್ಟಿಗೆಯ ಕಡೆಗೆ ಚಾಚಿದರು.

"ಪರಮೇಶಿ, ಬಾ ಇಲ್ಲಿ. ನೀನೇ ತೆಗಿ."

ಅಕ್ಷಯಾ ಎದ್ದು ಕುರ್ಚಿ ಬಿಟ್ಟಳು. ಶರಾವತಿ ಪೆನ್ನು ಹಿಡಿದೇ ಪರಮೇಶ್ವರಪ್ಪನವರನ್ನು ನೋಡಿ, "ತೆಗೀರಿ. ಸಮಯ ನಾನು ಬರೀತೀನಿ" ಅಂದರು.

ಅಂದು ಬೆಳಗ್ಗೆಯೂ ಮೂರು ಹನಿ ಎಣ್ಣೆ ತಪ್ಪಿರಲಿಲ್ಲ. ಬೆರಳ ತುದಿಗಳು ಮೆತ್ತಗಿದ್ದವು. ಆ ಎಡಗೈಯ ನರ ಎಲ್ಲಿದೆಯೆಂದು ಅವುಗಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಹೋಗಿ ಕೂತರೆ ಅರ್ಧ ನಿಮಿಷದ ಕೆಲಸ. ಬೀದಿಯ ಎದುರು ಕಳೆದ ಹೆಸರು ಬೀದಿಯ ಎದುರೇ ವಾಪಸು ಬರುತ್ತಿತ್ತು. ನಂಜಮ್ಮ ಕೊಡಲು ಬಂದದ್ದು ಅದನ್ನೇ ಎಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಆಕೆಯ ಕತ್ತಿನ ಮೂಳೆ ಇನ್ನೂ ಹಾಗೇ ಎದ್ದು ಕಾಣುತ್ತಿತ್ತು.

ಪರಮೇಶ್ವರಪ್ಪ ನಿಂತಲ್ಲಿಂದ ಕದಲಲಿಲ್ಲ. ಅಕ್ಷಯಾಳನ್ನು ನೋಡಿ, "ಮೊಣಕೈ ಗೀರಿನಿಂದ ಒಂದು ಬೆರಳು ಹೊರಕ್ಕೆ ನೋಡಮ್ಮ. ಕಣ್ಣಿಗೆ ಕಾಣಲ್ಲ, ಒತ್ತಿದ್ರೆ ಸಿಗುತ್ತೆ. ಅವಸರ ಬೇಡ" ಅಂದರು.

ಆಮೇಲೆ ನಂಜಮ್ಮನ ಕಡೆ ತಿರುಗಿದರು.

"ನಾನು ಬೇಡ ನಂಜಕ್ಕ. ಆ ಮಗೂನೇ ತೆಗೀಲಿ. ನಾನು ಐಸ್ ಹಿಡ್ಕೊಂಡಿರ್ತೀನಿ."